ಓವನ್ ಬಿಟ್ಟು ಹೋದವಳು

ಶನಿವಾರಗಳಲ್ಲಿ ತನಗೆ ಅಡುಗೆಮನೆ ಬೇಕು ಎಂದು ಗುಬ್ಬಿ ಹೇಳಿದ್ದು ಊಟದ ಹೊತ್ತಿಗೆ, ಅಪ್ಪನ ಬಾಯಲ್ಲಿ ಅನ್ನ ಇದ್ದಾಗ. ಬಾಯಿ ಖಾಲಿ ಇರುವಾಗ ಕೇಳಿದರೆ ಒಂದೇ ಏಟಿಗೆ ಬೇಡ ಅಂದುಬಿಡುತ್ತಾನೆ ಎಂಬುದು ಹುಟ್ಟಿದಾಗಿನಿಂದ ಅವನ ಮಗಳಾಗಿದ್ದು ಅವಳು ಕಲಿತ ವಿದ್ಯೆ.

"ಅಡುಗೆಮನೆ ಯಾತಕ್ಕೆ?" ಅಪ್ಪ ನುಂಗಿಕೊಂಡು ಕೇಳಿದ.

"ಬ್ರೆಡ್ ಮಾಡೋಕೆ. ಅಡುಗೆ ಬ್ಲಾಗ್ ಬರೆಯೋರು ನಾವೊಂದು ಏಳೆಂಟು ಜನ ಸೇರಿದೀವಿ. ಐದು ಶನಿವಾರ ಎಲ್ಲರೂ ಅವರವರ ಮನೇಲಿ ಬ್ರೆಡ್ ಮಾಡಿ, ದೊಡ್ಡಾಸ್ಪತ್ರೆ ಅಂಗಳದಲ್ಲಿ ಇಟ್ಟು ಮಾರ್ತೀವಿ. ರೋಗಿಗಳ ಜೊತೆ ಬಂದೋರು ವರಾಂಡದಲ್ಲಿ ನೆಲದ ಮೇಲೆ ಮಲಗ್ತಾರಲ್ಲ, ಬಂದ ದುಡ್ಡಲ್ಲಿ ಅವರಿಗೊಂದು ಕೋಣೆ ಕಟ್ಟಿಸೋದು."

ಅಮ್ಮ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. ಆ ವರಾಂಡದ ನೆಲ ಅವಳಿಗೆ ಗೊತ್ತಿತ್ತು. ಮಗ ಆ ಆಸ್ಪತ್ರೆಯಲ್ಲಿ ಮಲಗಿದ್ದ ನಾಲ್ಕು ತಿಂಗಳು ಅವಳೂ ಸೊಸೆಯೂ ಅಲ್ಲೇ ಹಾಸಿಕೊಂಡು ಮಲಗಿದ್ದರು. ಕೊನೆಗೆ ಮಗನನ್ನು ಬಿಟ್ಟು ಇಬ್ಬರೇ ಮನೆಗೆ ಬಂದಿದ್ದರು.

"ಓವನ್ನೂ ಬೇಕು" ಎಂದು ಗುಬ್ಬಿ ಮೆಲ್ಲಗೆ ಸೇರಿಸಿದಳು.

"ಅದನ್ನ ಮುಟ್ಟಬೇಡ."

"ಯಾಕಪ್ಪಾ?"

"ಕರೆಂಟ್ ಬಿಲ್ ಯಾರು ಕಟ್ಟೋರು? ನಿನ್ನ ಬ್ಲಾಗಾ?"

"ನಾನೇ ಕಟ್ತೀನಿ. ಕನ್ನಡಕದ ಅಂಗಡೀಲಿ ನಂಗೆ ಸಂಬಳ ಕೊಡ್ತಾರೆ, ಆಶೀರ್ವಾದ ಅಲ್ಲ."

"ಮುಟ್ಟಬೇಡ ಅಂದ್ರೆ ಮುಟ್ಟಬೇಡ."

ಮಾತು ಅಲ್ಲಿಗೆ ಮುಗಿಯಿತು ಎಂದು ಅಪ್ಪ ಅಂದುಕೊಂಡ. ಬೆಳಿಗ್ಗೆ ಅವನು ಬಸ್ ಡಿಪೋಗೆ ಹೊರಟ ಮೇಲೆ ಅಮ್ಮ ಹೊಲಿಗೆ ಮಿಷನ್ನಿನಿಂದ ಎದ್ದು ಅಡುಗೆಮನೆಗೆ ಹೋದಳು. ಓವನ್ನಿನ ಮೇಲೆ ಎರಡು ವರ್ಷದಿಂದ ಪೇರಿಸಿದ್ದ ಹಿಟ್ಟಿನ ಡಬ್ಬಗಳನ್ನು ಒಂದೊಂದಾಗಿ ಇಳಿಸಿದಳು. ಮುಚ್ಚಿದ್ದ ಬಟ್ಟೆ ತೆಗೆದು ಒಗೆಯಲು ಹಾಕಿದಳು. ಒಳಗಿನ ಜಾಲರಿಯನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳಗಿದಳು. ಗುಬ್ಬಿ ಕೆಲಸದಿಂದ ಬಂದು ನೋಡಿ ಬಾಯಿ ತೆರೆಯುವಷ್ಟರಲ್ಲಿ, "ನಾನೇನೂ ಹೇಳಿಲ್ಲ, ನೀನೇನೂ ಕೇಳಿಲ್ಲ" ಅಂದಳು.

ಆ ಓವನ್ ಸೊಸೆಯದು. ಸೊಸೆ ಎಂದು ಈಗ ಅನ್ನಬಹುದೋ ಬಾರದೋ ಆ ಮನೆಯಲ್ಲಿ ಯಾರಿಗೂ ತಿಳಿಯದು. ಆದ್ದರಿಂದ ಯಾರೂ ಏನೂ ಅನ್ನುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೂ ಅವಳು ಒಂದು ವರ್ಷ ಅಲ್ಲೇ ಇದ್ದಳು. ಬೆಳಿಗ್ಗೆ ಶಾಲೆಗೆ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ಸಂಜೆ ಬಂದು ಅತ್ತೆ ಕತ್ತರಿಸಿದ ಬಟ್ಟೆಗಳಿಗೆ ಗುಂಡಿ ಹಾಕುತ್ತಿದ್ದಳು. ಭಾನುವಾರಗಳಲ್ಲಿ ಬ್ರೆಡ್ ಮಾಡಿ ಬ್ಲಾಗಿಗೆ ಬರೆಯುತ್ತಿದ್ದಳು. ನೋಡಿ ನೋಡಿಯೇ ಗುಬ್ಬಿಗೂ ಆ ಚಟ ಹತ್ತಿದ್ದು. ಸರ್ವೆ ಇಲಾಖೆಯವನೊಬ್ಬ ಅವಳನ್ನು ಮದುವೆಯಾಗಲು ಕೇಳಿದಾಗ, ಆಗು ಎಂದು ದುಂಬಾಲು ಬಿದ್ದವಳು ಅಮ್ಮನೇ. "ನಾಳೆ ನಾವಿಬ್ಬರೂ ಕಣ್ಣು ಮುಚ್ಚಿದ್ರೆ ನಿಂಗ್ಯಾರು?" ಎಂದಿದ್ದಳು. ಸೊಸೆ ಅತ್ತಳು, ಬೇಡ ಅಂದಳು, ಮತ್ತೆ ಅತ್ತಳು, ಕೊನೆಗೆ ಎರಡು ಪೆಟ್ಟಿಗೆ ಹಿಡಿದು ಹೋದಳು. ಓವನ್ ಭಾರ, ಆಮೇಲೆ ಬಂದು ಒಯ್ಯುತ್ತೇನೆ ಅಂದಳು.

ತಿಂಗಳ ಮೇಲೆ ಹೊಸ ಗಂಡನನ್ನು ಕರೆದುಕೊಂಡು ಬಂದಳು. ಆ ಪುಣ್ಯಾತ್ಮನಿಗೇನು ಗೊತ್ತು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಹೋಗಿ ಕುಳಿತ. ಅದು ಮಗನ ಕುರ್ಚಿ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವನು ಅವರು ಹೊರಟುಹೋಗುವವರೆಗೆ ತಿರುಗಿ ಬರಲಿಲ್ಲ. ಆಮೇಲೆ, "ಅವಳು ಅಲ್ಲಿ ಬೇರು ಬಿಡಬೇಕು. ನಾವು ಹೋಗಿ ಬಂದು ಮಾಡ್ತಿದ್ರೆ ಅವಳಿಗೂ ಕಷ್ಟ, ಅವರಿಗೂ ಕಷ್ಟ" ಅಂದ. ಮಾತು ಸರಿಯಾಗಿಯೇ ಇತ್ತು. ಅಮ್ಮ ಹೂಂ ಅಂದಳು. ಆ ಹೂಂ ಎರಡು ವರ್ಷ ಅವಳ ಗಂಟಲಲ್ಲೇ ಕುಳಿತಿತ್ತು.

ಮೊದಲ ಶನಿವಾರ ಗುಬ್ಬಿಯ ಹಿಟ್ಟು ಉಬ್ಬಲೇ ಇಲ್ಲ. ಹೊರಬಂದ ಬ್ರೆಡ್ಡನ್ನು ಅಪ್ಪ ಕೈಯಲ್ಲಿ ತೂಗಿ ನೋಡಿದ. ಓವನ್ ಹಚ್ಚಿದ್ದಕ್ಕೆ ಅವನು ಬೆಳಿಗ್ಗೆಯಿಂದ ಯಾರೊಂದಿಗೂ ಮಾತಾಡಿರಲಿಲ್ಲ. ಆದರೆ ಇದನ್ನು ನೋಡಿ ತಮಾಷೆ ಮಾಡದೆ ಬಿಡಲು ಅವನಿಂದಾಗಲಿಲ್ಲ.

"ಇದನ್ನ ಕೊಡು ನಂಗೆ. ಚಕ್ರದ ಕೆಳಗಿಟ್ರೆ ಇಳಿಜಾರಲ್ಲೂ ಬಸ್ಸು ಅಲ್ಲಾಡಲ್ಲ."

"ನಗಿ, ನಗಿ. ಮುಂದಿನ ವಾರ ನೋಡಿ" ಎಂದು ಗುಬ್ಬಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಗೆದ ಬಟ್ಟೆ ಮಡಚುತ್ತಿದ್ದ ಅಮ್ಮನಿಗೆ ಬಾಗಿಲಾಚೆ ಮಗಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಕಲ್ಲು ಅತ್ತಿಗೆ, ಶುದ್ಧ ಕಲ್ಲು."

ಮಗಳು ಹೊರಗೆ ಬರುವುದನ್ನೇ ಅಮ್ಮ ಕಾದಳು.

"ಯಾರ ಹತ್ರ ಮಾತಾಡ್ತಿದ್ದೆ?"

"ಫ್ರೆಂಡು."

"ಫ್ರೆಂಡಿಗೆ ಅತ್ತಿಗೆ ಅಂತಾರಾ?"

ಗುಬ್ಬಿ ಗೋಡೆಗೊರಗಿ ನಿಂತಳು. "ಈ ಬ್ರೆಡ್ಡಿನ ಯೋಚನೆ ಶುರು ಮಾಡಿದ್ದೇ ಅವರು. ನಮ್ಮನ್ನೆಲ್ಲ ಸೇರಿಸಿದ್ದೂ ಅವರೇ. ನಾವು ಮಾತು ಬಿಟ್ಟೇ ಇಲ್ಲ ಅಮ್ಮ. ನೀವು ಬಿಟ್ರಿ, ನಾನು ಬಿಡಲಿಲ್ಲ."

"ಎರಡು ವರ್ಷದಿಂದ?"

"ಎರಡು ವರ್ಷದಿಂದ."

ಅಮ್ಮ ಅದೇ ದಿಂಬಿನ ಚೀಲವನ್ನು ಬಿಡಿಸಿ ಮತ್ತೆ ಮಡಚಿದಳು. "ಹೇಗಿದಾಳೆ?"

"ನೀನೇ ಕೇಳು."

"ನಾನು ಯಾವ ಮುಖ ಇಟ್ಕೊಂಡು ಕೇಳ್ಲಿ? ಹೋಗು ಅಂತ ಹೇಳಿದವಳೇ ನಾನು."

ಎರಡನೆಯ ಶನಿವಾರ ಅಪ್ಪ ಡ್ಯೂಟಿಗೆ ಹೋದ ಮೇಲೆ ಗುಬ್ಬಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಸ್ಪೀಕರ್ ಹಾಕಿದಳು. ಅಡುಗೆಮನೆಯಲ್ಲಿ ಆ ದನಿ ಕೇಳಿ ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದಳು. ಅದೇ ದನಿ, ತರಗತಿಯ ಹಿಂದಿನ ಬೆಂಚಿಗೂ ಕೇಳಿಸುವಂಥದ್ದು.

"ನೀರು ಉಗುರು ಬೆಚ್ಚಗಿದೆಯಾ? ಬೆರಳಿಟ್ಟು ನೋಡು. ಬಿಸಿ ಹಾಕಿ ಯೀಸ್ಟ್ ಸಾಯಿಸಿದೀಯ ಹೋದ ಸಲ. ಕೊಲೆಗಾತಿ."

ಗುಬ್ಬಿ ಹಿಟ್ಟು ಕಲಸಿ ನಾದತೊಡಗಿದಳು. ನಾದುವುದು ಅವಳಿಗೆ ಬರುತ್ತಿರಲಿಲ್ಲ. ಹೆದರಿದ ಬೆಕ್ಕನ್ನು ಸವರುವವರ ಹಾಗೆ ಸವರುತ್ತಿದ್ದಳು. ಸ್ವಲ್ಪ ಹೊತ್ತು ನೋಡಿದ ಅಮ್ಮ ತಡೆಯಲಾರದೆ ಕೈ ತೊಳೆದು ಬಂದು, ಮಗಳನ್ನು ಭುಜದಿಂದ ಪಕ್ಕಕ್ಕೆ ತಳ್ಳಿ, ತಾನೇ ಶುರು ಮಾಡಿದಳು. ಹಿಟ್ಟನ್ನು ಎತ್ತಿ ಹಲಗೆಗೆ ಬಡಿದು, ಅಂಗೈಯ ಬುಡದಿಂದ ಒತ್ತಿ, ಮಡಚಿ, ಮತ್ತೆ ಬಡಿದಳು. ಫೋನಿನಲ್ಲಿ ಮಾತು ನಿಂತಿತು.

"ಗುಬ್ಬೀ, ಯಾರು ನಾದ್ತಿರೋದು?"

ಅಮ್ಮ ಬೇಡ ಬೇಡ ಎಂದು ತಲೆಯಾಡಿಸಿದಳು.

"ನಾನೇ ಅತ್ತಿಗೆ."

ಆ ಕಡೆಯಿಂದ ದನಿ ಬಂತು, ಈ ಸಲ ತಗ್ಗಿದ ದನಿ. "ಸರಿ. ಒಂದೇ ಸಮ ನಾದ್ಬೇಡ. ಮಧ್ಯೆ ಮಧ್ಯೆ ಬಿಡು. ಬಲಗೈ ಮಣಿಕಟ್ಟಿನ ಮೇಲೆ ಭಾರ ಹಾಕ್ಬೇಡ, ರಾತ್ರಿ ನೋವು ಬರುತ್ತೆ."

ಗುಬ್ಬಿಯ ಮಣಿಕಟ್ಟಿಗೆ ಏನೂ ಆಗಿರಲಿಲ್ಲ. ಸೊಸೆ ಬಂದ ಹೊಸದರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡವಳು ಅಮ್ಮ. ಕಟ್ಟು ಬಿಚ್ಚುವವರೆಗೆ ಅವಳ ತಲೆ ಬಾಚಿ, ಅನ್ನ ಕಲಸಿ ಕೊಟ್ಟವಳು ಸೊಸೆ. ಅಮ್ಮ ಹಿಟ್ಟಿನ ಕೈಯನ್ನು ಹಾಗೇ ಮೇಲೆತ್ತಿ ಹಿಡಿದು, ಮೊಣಕೈಯಿಂದ ಕಣ್ಣೊರೆಸಿಕೊಂಡಳು.

ಆ ವಾರದ ಬ್ರೆಡ್ ಹತ್ತಿಯ ಹಾಗೆ ಬಂತು. ಹತ್ತು ಗಂಟೆಗೇ ಎಲ್ಲ ಖರ್ಚಾಗಿಹೋಯಿತು ಎಂದು ಗುಬ್ಬಿ ಕುಣಿಯುತ್ತ ಬಂದಳು. ಅಮ್ಮನ ಕೈಗಳ ಫೋಟೋ ಬ್ಲಾಗಿನಲ್ಲಿ ಹಾಕಿದಳು.

ಮೂರನೆಯ ಶನಿವಾರ ಅಪ್ಪನಿಗೆ ಮಧ್ಯಾಹ್ನದ ಪಾಳಿ. ಅವನು ಎದ್ದು ಬಂದಾಗ ಅಮ್ಮ ಹಿಟ್ಟಿನಲ್ಲಿ ಮುಳುಗಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ.

"ತಿಂಡಿ?"

"ಬ್ರೆಡ್ ಇದೆ, ಮೊಟ್ಟೆ ಬೇಯಿಸ್ಕೊಡ್ತೀನಿ, ಐದು ನಿಮಿಷ ಇರಿ."

"ನಂಗೆ ಬ್ರೆಡ್ ಬೇಡ."

"ರೀ, ಮಾರೋಕೆ ಇಟ್ಟಿರೋದನ್ನ ನಿಮಗೇ ಅಂತ ಎತ್ತಿಟ್ಟಿದೀನಿ."

"ಬೇಡ ಅಂದ್ನಲ್ಲ! ಅವಳ ಓವನ್ನು, ಅವಳ ಪಾಠ, ಅವಳ ಬ್ರೆಡ್ಡು. ಅವಳು ಇಲ್ಲಿಲ್ಲ ಕಣೇ. ಅವಳಿಗೆ ಬೇರೆ ಮನೆ ಇದೆ."

"ಮನೆ ಬೇರೆ ಆದ್ರೆ ಮನುಷ್ಯರೇ ಬೇರೆ ಆಗಿಬಿಡ್ತಾರಾ?"

"ಆಗ್ಬೇಕು. ಇಲ್ದಿದ್ರೆ ಬದುಕೋದು ಹೇಗೆ?"

"ನಿಮ್ಮ ಹಾಗೆ" ಅಂದಳು ಅಮ್ಮ. "ಯಾರ ಹತ್ರಾನೂ ಮಾತಾಡದೆ."

ಅಪ್ಪ ಖಾಲಿ ಹೊಟ್ಟೆಯಲ್ಲೇ ಹೊರಟ. ಗುಬ್ಬಿ ಬಾಗಿಲವರೆಗೆ ಓಡಿ ಅವನ ಚೀಲಕ್ಕೆ ಎರಡು ಬಾಳೆಹಣ್ಣು ತುರುಕಿದಳು.

ಆ ದಿನ ಸಂಜೆ ಅವನ ಬಸ್ಸಿನ ಕಂಡಕ್ಟರು ಡಿಪೋದಲ್ಲಿ ಕೈಕಾಲು ತೊಳೆಯುತ್ತಾ ಹೇಳಿದ: "ಬೆಳಿಗ್ಗೆ ನಮ್ಮನೇವ್ರು ಆಸ್ಪತ್ರೆ ಅಂಗಳದಲ್ಲಿ ಬ್ರೆಡ್ ತಗೊಂಡ್ರಂತೆ. ನಿಮ್ಮ ಸೊಸೇನೇ ಕಟ್ಟಿ ಕೊಟ್ರಂತೆ. ಅಲ್ಲ, ನಿಮ್ಮ... ಅವರೇ. ದಿನ ತುಂಬ್ತಾ ಬಂದಿರೋ ಹಾಗಿದೆ, ಪಾಪ, ಆದ್ರೂ ನಿಂತೇ ಕೆಲಸ ಮಾಡ್ತಿದ್ರಂತೆ."

ಅಪ್ಪ ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಎರಡು ದಿನ ಅರ್ಧ ಊಟಕ್ಕೇ ಎದ್ದ. ಮೂರನೆಯ ದಿನ ಅಮ್ಮ ತಟ್ಟೆ ಅಡ್ಡ ಹಿಡಿದು, "ಉಪ್ಪು ಕಮ್ಮಿಯಾ, ಹೆಂಡತಿ ಹೆಚ್ಚಾದ್ಲಾ? ಏನಾಗಿದೆ ಹೇಳಿ" ಅಂದಾಗ ಅವನ ಬಾಯಿಂದ ಹೊರಬಿತ್ತು.

"ಅವಳು ಬಸುರಿಯಂತೆ."

ಅಮ್ಮ ತಟ್ಟೆಯನ್ನು ಕೆಳಗಿಟ್ಟಳು. ಅವಳ ಮುಖ ಒಮ್ಮೆ ಅರಳಿತು, ಅರಳಿದ್ದು ಹಾಗೆಯೇ ನಿಂತು ಏನು ಮಾಡಬೇಕೋ ತಿಳಿಯದ ಹಾಗಾಯಿತು. ಗುಬ್ಬಿಯ ಕಡೆ ತಿರುಗಿದಳು. ಗುಬ್ಬಿ ತನ್ನ ಅನ್ನವನ್ನೇ ನೋಡುತ್ತಿದ್ದಳು.

"ನಿಂಗೆ ಗೊತ್ತಿತ್ತು."

"ಹೇಳ್ಬೇಡ ಅಂದಿದ್ರು ಅತ್ತಿಗೆ. ನಿಂಗೆ ನೋವಾಗುತ್ತೆ ಅಂತ."

"ನನ್ನ ನೋವಿನ ಯಜಮಾನಿಕೆ ಅವಳಿಗೆ ಯಾರು ಕೊಟ್ರು? ನಿಂಗ್ಯಾರು ಕೊಟ್ರು? ಸಕ್ಕರೆ ಡಬ್ಬಕ್ಕೆ ಒರಗಿಸಿದ ಫೋನಿಂದ ಮಣಿಕಟ್ಟು ಹುಷಾರು ಅಂದ್ಲಲ್ಲ, ಆಗ ಹೇಳೋಕೆ ಬಾಯಿರಲಿಲ್ವಾ?"

"ನೀನೂ ಮಾತಾಡ್ಲಿಲ್ಲವಲ್ಲಮ್ಮ! ಒಂದು ಸಲ, ಒಂದೇ ಒಂದು ಸಲ, 'ನಾನೇ ಕಣೇ' ಅಂತ ಅಂದಿದ್ರೆ ಅವರೇ ಹೇಳ್ತಿದ್ರು!"

"ಸಾಕು" ಅಂದ ಅಪ್ಪ. ಯಾರಿಗೆ ಅಂದದ್ದೋ ಗೊತ್ತಾಗಲಿಲ್ಲ.

ನಾಲ್ಕನೆಯ ಶನಿವಾರ ಅಮ್ಮ ಅಡುಗೆಮನೆ ಕಡೆ ತಲೆ ಹಾಕಲಿಲ್ಲ. ಹೊಲಿಗೆ ಮಿಷನ್ ಮುಂದೆ ಕುಳಿತು ಯಾರದೋ ಪ್ಯಾಂಟಿನ ಅಂಚನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದಳು. ಒಳಗೆ ಗುಬ್ಬಿ ಒಬ್ಬಳೇ ನಾದುವ ಸದ್ದು ಕೇಳುತ್ತಿತ್ತು. ಫೋನಿನ ದನಿಯೂ ಕೇಳುತ್ತಿತ್ತು, ಪದಗಳು ಮಾತ್ರ ತಿಳಿಯುತ್ತಿರಲಿಲ್ಲ. ಅಮ್ಮ ಮಿಷನ್ ನಿಲ್ಲಿಸಿ ಕೇಳುವಳು, ಮತ್ತೆ ತುಳಿಯುವಳು. ತನ್ನ ಮಗನ ಮಗುವನ್ನು ಆ ಹೊಟ್ಟೆಯಲ್ಲಿ ನೋಡಬೇಕೆಂದು ಅವಳು ಎಷ್ಟು ಆಸೆಪಟ್ಟಿದ್ದಳು! ಈ ಮಗು ಅದಲ್ಲ. ಆದರೆ ಹೊಟ್ಟೆ ಅದೇ, ಹುಡುಗಿ ಅವಳೇ. ಸೊಂಟ ನೋಯುತ್ತಿರಬಹುದು, ಅಷ್ಟು ಹೊತ್ತು ನಿಲ್ಲಬಾರದು ಎಂದು ಯಾರಾದರೂ ಹೇಳುತ್ತಾರೋ ಇಲ್ಲವೋ.

ಮಧ್ಯಾಹ್ನ ಗುಬ್ಬಿ ಬಂದು ಪಕ್ಕದಲ್ಲಿ ಕುಳಿತಳು. "ಈ ಸಲ ಯಾಕೆ ಹಿಟ್ಟಿನ ಶಬ್ದ ಸಣ್ಣದಾಯ್ತು ಅಂತ ಕೇಳಿದ್ರು."

"ನೀನೇನಂದೆ?"

"ಅಮ್ಮನಿಗೆ ಗೊತ್ತಾಗಿದೆ ಅಂದೆ. ಅವರು ಫೋನ್ ಇಟ್ಬಿಟ್ರು."

ಕೊನೆಯ ಶನಿವಾರ ಗುಬ್ಬಿ ಏಳುವಷ್ಟರಲ್ಲಿ ಹಿಟ್ಟು ನಾದಿ, ಉಬ್ಬಿ, ಅಚ್ಚುಗಳಲ್ಲಿ ಕುಳಿತಿತ್ತು. ಅಮ್ಮ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಅದರ ಮೇಲೆ ಹಳೆಯ ಟವೆಲ್ ಸುತ್ತಿಕೊಂಡು ಓವನ್ ಮುಂದೆ ನಿಂತಿದ್ದಳು.

"ನಾನೂ ಬರ್ತೀನಿ. ಭಾರ ಇರುತ್ತೆ, ನೀನೊಬ್ಬಳೇ ಎತ್ತಲಾರೆ."

"ಹೌದೌದು, ಭಾರ" ಅಂದಳು ಗುಬ್ಬಿ, ನಗು ನುಂಗಿಕೊಂಡು. ಅಪ್ಪ ಬೆಳಗಿನ ಪಾಳಿಗೆ ಆಗಲೇ ಹೋಗಿಯಾಗಿತ್ತು.

ಆಸ್ಪತ್ರೆಯ ಗೇಟಿನೊಳಗೆ, ತಗಡಿನ ನೆರಳಿನಲ್ಲಿ ಉದ್ದಕ್ಕೆ ಮೇಜುಗಳು. ಕಂದು ಬಣ್ಣದ ಬ್ರೆಡ್ಡುಗಳ ಸಾಲು, ಅದರ ಹಿಂದೆ ಬ್ಲಾಗಿನವರ ಸಾಲು, ಮುಂದೆ ಕೊಳ್ಳುವವರ ಸಾಲು. ಪಕ್ಕದಲ್ಲಿ ಕಟ್ಟಬೇಕಾದ ಕೋಣೆಗೆ ಸುಣ್ಣದಲ್ಲಿ ಗೆರೆ ಎಳೆದಿದ್ದರು. ಅಮ್ಮ ಬುಟ್ಟಿ ಹಿಡಿದು ಕೊಳ್ಳುವವರ ಸಾಲಿನಲ್ಲೇ ನಿಂತುಬಿಟ್ಟಳು. ಗುಬ್ಬಿ ಕರೆದರೂ ಈಚೆ ಬರಲಿಲ್ಲ. ಸಾಲು ಕರಗಿ ಕರಗಿ ಅವಳ ಸರದಿ ಬಂತು.

ಸೊಸೆ ತಲೆಯೆತ್ತಿದಳು. ಕೆನ್ನೆ ತುಂಬಿಕೊಂಡಿತ್ತು. ಎಡಗೈ ಸೊಂಟದ ಮೇಲಿತ್ತು.

"ಎಷ್ಟು ತಿಂಗಳು?" ಅಮ್ಮ ಕೇಳಿದಳು. ಎರಡು ವರ್ಷದ ಮೇಲೆ ಅವಳು ಸೊಸೆಯೊಂದಿಗೆ ಆಡಿದ ಮೊದಲ ಮಾತು ಅದು.

"ಎಂಟು."

"ಕೂತ್ಕೋ ಮೊದಲು. ಇಷ್ಟು ಹೊತ್ತು ನಿಲ್ತಾರಾ?"

ಸೊಸೆ ಕುಳಿತಳು. ಪಕ್ಕದಲ್ಲಿ ಕಾಗದದ ಚೀಲ ತುಂಬುತ್ತಿದ್ದ ದಪ್ಪ ಹೆಂಗಸು ಮಾತು ಕೇಳಿ ತಿರುಗಿದರು. ಟೆಲಿಫೋನ್ ಆಫೀಸಿನಲ್ಲಿ ದುಡಿದು ನಿವೃತ್ತರಾದವರು, ಸೊಸೆಯ ಹೊಸ ಗಂಡನ ತಾಯಿ.

"ಬೆಳಗಿಂದ ನಾನೂ ಅದೇ ಬಡ್ಕೋತಿದೀನಿ, ನನ್ನ ಮಾತು ಕೇಳಲ್ಲ. ನೀವು ಹೇಳಿದ ತಕ್ಷಣ ಕೂತ್ಲು! ಯಾರಮ್ಮಾ ಇವರು?"

ಸೊಸೆ ಇವಳ ಮುಖ ನೋಡಿದಳು, ಅವರ ಮುಖ ನೋಡಿದಳು. "ಇವರೂ ನಮ್ಮತ್ತೆ" ಅಂದಳು.

ಆ ಹೆಂಗಸು ಚೀಲವನ್ನು ಮೇಜಿನ ಮೇಲಿಟ್ಟರು. ಆಮೇಲೆ ಬೆಂಚಿನಲ್ಲಿ ಸರಿದು ಜಾಗ ಮಾಡಿದರು. "ಬನ್ನಿ, ಕೂತ್ಕೊಳ್ಳಿ. ಹಾಗಾದ್ರೆ ನಾವಿಬ್ಬರೂ ಒಬ್ಬರಿಗೊಬ್ಬರು ಏನಾಗ್ಬೇಕು? ಬೀಗಿತ್ತಿಯರೋ, ಸವತಿಯರೋ?"

ಅಮ್ಮನಿಗೆ ನಗು ಬಂತು, ನಗುವಿನ ಜೊತೆಗೇ ಅಳುವೂ ಬಂತು. ಮೂವರೂ ಸೇರಿ ಬ್ರೆಡ್ ಕಟ್ಟಿದರು. ಹೆಚ್ಚು ಮಾತಾಡಲಿಲ್ಲ. ಕಾಲು ಬಾವು ಬರುತ್ತಾ, ನಿದ್ದೆ ಬರುತ್ತಾ, ಹುಳಿ ಬೇಕೆನಿಸುತ್ತಾ ಎಂದು ಅಮ್ಮ ಕೇಳಿದಳು. ಮಾವ ಹೇಗಿದಾರೆ ಎಂದು ಸೊಸೆ ಕೇಳಿದಳು.

"ಇದಾರೆ" ಅಂದಳು ಅಮ್ಮ. "ಬಸ್ಸು ಓಡಿಸ್ತಾರೆ, ಬರ್ತಾರೆ, ಮಲಗ್ತಾರೆ."

"ನನ್ನ ಮೇಲೆ ಇನ್ನೂ ಕೋಪಾನಾ?"

"ನಿನ್ನ ಮೇಲೆ ಯಾವತ್ತು ಕೋಪ ಇತ್ತು? ಆ ಕುರ್ಚೀಲಿ ಇನ್ನೊಬ್ಬರು ಕೂತಿದ್ದನ್ನ ನೋಡೋಕಾಗಲಿಲ್ಲ, ಅಷ್ಟೇ. ಅದನ್ನ ಹೇಳೋಕೆ ಬಾಯಿ ಬರಲ್ಲ ಅವರಿಗೆ."

ಹೊರಡುವ ಹೊತ್ತಿಗೆ ಗುಬ್ಬಿ ಮೇಜು ಎತ್ತಿಡಲು ನಿಂತಳು. ಅಮ್ಮ ಒಬ್ಬಳೇ ಗೇಟಿನೆದುರಿನ ನಿಲ್ದಾಣಕ್ಕೆ ಬಂದಳು. ಬಂದ ಬಸ್ಸನ್ನು ಹತ್ತಿ ನೋಡಿದರೆ ಸ್ಟಿಯರಿಂಗ್ ಹಿಂದೆ ಅಪ್ಪ. ಮಗ ಹೋದ ಮೇಲೆ ಅವನು ಆಸ್ಪತ್ರೆ ದಾರಿಯ ಡ್ಯೂಟಿ ಮಾಡಿರಲೇ ಇಲ್ಲ.

"ನೀವಿಲ್ಲಿ?"

"ಡ್ಯೂಟಿ ಬದಲಾಯಿಸಿದ್ರು."

"ಬದಲಾಯಿಸ್ಕೊಂಡ್ರು" ಅಂದ ಕಂಡಕ್ಟರು ಹಿಂದಿನಿಂದ. "ಬೆಳಗಿಂದ ಇದು ಐದನೇ ಟ್ರಿಪ್ಪು. ಈ ಸ್ಟಾಪ್ ಬಂದ್ರೆ ಬಸ್ಸು ಮುಂದಕ್ಕೇ ಹೋಗಲ್ಲ."

ಅಪ್ಪ ಗೇಟಿನ ಒಳಗೆ ನೋಡುತ್ತಿದ್ದ. ತಗಡಿನ ನೆರಳಿನಲ್ಲಿ ಸೊಸೆ ಕುಳಿತಿರುವುದು ಅಲ್ಲಿಗೆ ಚೆನ್ನಾಗಿ ಕಾಣುತ್ತಿತ್ತು. "ದಪ್ಪ ಆಗಿದಾಳೆ" ಅಂದ.

"ಇಳಿದು ಹೋಗಿ ಮಾತಾಡ್ಸಿ. ನಿಮ್ಮನ್ನೇ ಕೇಳ್ತಿದ್ಲು."

"ಬಸ್ಸಲ್ಲಿ ಜನ ಇದಾರೆ."

ಅಷ್ಟರಲ್ಲಿ ಸೊಸೆ ಈ ಕಡೆ ತಿರುಗಿದಳು. ಬಸ್ಸನ್ನು ನೋಡಿದಳು, ಕನ್ನಡಿಯ ಪಕ್ಕದ ಕಿಟಕಿಯಲ್ಲಿದ್ದ ಮುಖವನ್ನೂ ನೋಡಿದಳು. ಮೇಜಿಗೆ ಕೈಯೂರಿ ಎದ್ದಳು. ಸೊಂಟ ಹಿಡಿದುಕೊಂಡು, ಮಧ್ಯೆ ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಗೇಟಿನ ಕಡೆ ನಡೆದು ಬರತೊಡಗಿದಳು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ. "ಏನ್ರೀ ಡ್ರೈವರ್, ಇಲ್ಲೇ ಮನೆ ಮಾಡಿದೀರಾ?" ಎಂದು ಯಾರೋ ಕೂಗಿದರು. ಅಪ್ಪ ಅಲ್ಲಾಡಲಿಲ್ಲ. ಹಿಂದೆ ಇನ್ನೂ ಎರಡು ಹಾರ್ನ್ ಸೇರಿದವು, ಒಂದು ಆಂಬುಲೆನ್ಸಿನದು. ಅದು ಕೇಳಿದ ಮೇಲೆ ಅವನಿಗೆ ನಿಲ್ಲಲಾಗಲಿಲ್ಲ. ಗೇರ್ ಹಾಕಿದ.

ಕಿಟಕಿಯಿಂದ ಕತ್ತು ಹೊರಚಾಚಿ ಅಮ್ಮ ನೋಡುತ್ತಲೇ ಇದ್ದಳು. ಸೊಸೆ ಗೇಟಿನ ಹೊರಗೆ ಬಂದು ಕೈ ಎತ್ತಿ ನಿಂತಿದ್ದಳು. ತಿರುವಿನಲ್ಲಿ ಅವಳು ಮರೆಯಾದಳು.

ಆ ದಿನ ಅಪ್ಪ ಮನೆಗೆ ಬರುವಷ್ಟರಲ್ಲಿ ಗುಬ್ಬಿ ಬಂದು ಓವನ್ ಒರೆಸಿ ಮುಗಿಸಿದ್ದಳು. ಮೂವರೂ ಊಟಕ್ಕೆ ಕುಳಿತರು. ಐದು ವಾರದಲ್ಲಿ ಕೋಣೆಯ ಗೋಡೆಗಾಗುವಷ್ಟು ಸೇರಿದೆ, ಚಾವಣಿಗೆ ಇನ್ನೂ ಬೇಕು, ಮತ್ತೆ ಬ್ರೆಡ್ ಮಾಡಬೇಕಾಗುತ್ತೆ ಎಂದು ಗುಬ್ಬಿ ಹೇಳುತ್ತಿದ್ದಳು. ಅಪ್ಪ ಕೇಳಿಸಿಕೊಂಡನೋ ಇಲ್ಲವೋ.

"ನಾಳೆ ರಜಾ ಹಾಕಿದೀನಿ" ಅಂದ.

ಅಮ್ಮ ಬೆಚ್ಚಿದಳು. ಜ್ವರ ಬಂದಾಗಲೂ ರಜಾ ಹಾಕಿದವನಲ್ಲ. "ಯಾಕೆ? ಏನಾಯ್ತು?"

"ಅವರ ಮನೆ ಎಲ್ಲಿದೆ ಅಂತ ಗುಬ್ಬಿಗೆ ಗೊತ್ತಿರಬೇಕಲ್ಲ."

"ಗೊತ್ತು" ಅಂದಳು ಗುಬ್ಬಿ.

ಅಪ್ಪ ತಟ್ಟೆಯೊಳಗಿನ ಅನ್ನವನ್ನು ಒಂದು ಕಡೆಗೆ ಸೇರಿಸಿದ. "ಮೂವತ್ತು ವರ್ಷ ಬಸ್ಸು ಓಡಿಸಿದೀನಿ. ಕೈ ಎತ್ತಿದವರನ್ನ ಬಿಟ್ಟು ಬಂದವನಲ್ಲ ನಾನು. ಇವತ್ತು ಬಿಟ್ಟು ಬಂದೆ."

ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಅವನು ಬೇಡ ಅನ್ನಲಿಲ್ಲ, ತಿನ್ನಲೂ ಇಲ್ಲ. ಗುಬ್ಬಿ ಎದ್ದು ತನ್ನ ತಟ್ಟೆ ತೊಳೆದಳು, ಅಮ್ಮನದನ್ನೂ ತೊಳೆದಳು. ಕಲಸಿದ ಕೈ ಒಣಗಿ ಬಿಗಿದುಕೊಂಡರೂ ಅಪ್ಪ ತಟ್ಟೆಯ ಮುಂದಿನಿಂದ ಏಳಲಿಲ್ಲ.